ಗೇಜ್ ರಿಜಿಸ್ಟರಿನಲ್ಲಿ ದೇವರಿಗೆ ಬರೆದ ಷರಾ

ನಾನು ದಿನಾ ಬೆಳಿಗ್ಗೆ ದೇವರಿಗೆ ದಿನಚರಿ ಬರೆಯುತ್ತೇನೆ ಎಂದರೆ ನೀವು ನನ್ನನ್ನು ದೊಡ್ಡ ಭಕ್ತೆ ಎಂದುಕೊಂಡೀರಿ. ದಯವಿಟ್ಟು ಬೇಡ. ಮೊದಲ ಒಂದು ವರ್ಷ ನಾನು ಬರೆದದ್ದು ಪ್ರಾರ್ಥನೆಯಲ್ಲ, ಶುದ್ಧ ಚಾಡಿ.

ಶಹಾಪುರದ ನಮ್ಮ ಸಣ್ಣ ಚರ್ಚಿನಲ್ಲಿ ಒಂದು ಭಾನುವಾರ ಪಾಸ್ಟರು, "ದಿನಾ ಮುಂಜಾನಿ ಹತ್ತು ನಿಮಿಷ ಕೂತು ಮನಸಿನ್ಯಾಗ ಇದ್ದದ್ದು ದೇವರಿಗೆ ಬರೀರಿ. ಬಾಯಿ ಸುಳ್ಳು ಹೇಳಬಹುದು, ಕೈಗೆ ಅಷ್ಟು ಸಲೀಸಲ್ಲ" ಎಂದರು. ನಾನು ಒಳಗೇ ನಕ್ಕೆ. ಇನ್‌ಸ್ಪೆಕ್ಟರರಿಗೆ ತೋರಿಸಲೆಂದು ಹನ್ನೆರಡು ವರ್ಷ ಪಾಠಟಿಪ್ಪಣಿ ಬರೆದ ಪ್ರಾಥಮಿಕ ಶಾಲೆಯ ಶಿಕ್ಷಕಿಗೆ ಕೈ ಏನೇನು ಬರೆಯಬಲ್ಲದೆಂದು ಗೊತ್ತಿಲ್ಲವೇ? ಆದರೂ ಮಾತು ಮನಸ್ಸಿಗೆ ಹಿಡಿಸಿತು. ಬರೆಯಲು ಪುಸ್ತಕ ಬೇಕಲ್ಲ, ಅದನ್ನು ನಮ್ಮವರು ಒದಗಿಸಿದರು.

ಕೃಷ್ಣೆಯ ನೀರು ನಮ್ಮ ಕಡೆಯ ಕಾಲುವೆಗೆ ಬಂದ ಮೇಲೆ ನಮ್ಮವರಿಗೆ ಗೇಜ್ ನೋಡುವ ಕೆಲಸ ಸಿಕ್ಕಿತ್ತು. ಕಾಲುವೆಯ ಗೋಡೆಗೆ ಅಡಿ, ಅಂಗುಲ ಬರೆದಿರುತ್ತಾರೆ. ನೀರು ಎಲ್ಲಿಗೆ ಮುಟ್ಟಿದೆ ಎಂದು ಬೆಳಿಗ್ಗೆ ಸಂಜೆ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಅಂಥದೊಂದು ರಿಜಿಸ್ಟರಿಗೆ ಗೆರೆ ಸೊಟ್ಟಗೆ ಬಿದ್ದು ಯಾರಿಗೂ ಬೇಡವಾಗಿತ್ತು. "ದೇವರು ಸೊಟ್ಟ ಗೆರಿಗೆಲ್ಲಾ ಸಿಟ್ಟಾಗಂಗಿಲ್ಲ, ತಗೋ" ಎಂದು ತಂದುಕೊಟ್ಟರು. ಅದರಲ್ಲಿ ಐದು ಖಾನೆ: ದಿನಾಂಕ, ಬೆಳಗಿನ ಮಟ್ಟ, ಸಂಜೆಯ ಮಟ್ಟ, ಹರಿವು, ಕೊನೆಗೆ ಷರಾ, ಅಂದರೆ ಟಿಪ್ಪಣಿ. ಆತ್ಮಕ್ಕೆ ಇದಕ್ಕಿಂತ ಒಳ್ಳೆಯ ನಮೂನೆ ಸಿಕ್ಕೀತೇ! ಬೆಳಗಿನ ಮಟ್ಟ: ಭಕ್ತಿ ಮೂರು ಅಡಿ. ಸಂಜೆಯ ಮಟ್ಟ: ಶಾಲೆ, ಅಡಿಗೆ ಎಲ್ಲ ಮುಗಿದ ಮೇಲೆ ಅರ್ಧ ಅಡಿ. ಹೀಗೆ ನನ್ನಷ್ಟಕ್ಕೆ ತಮಾಷೆ ಮಾಡಿಕೊಳ್ಳುತ್ತ ಬರೆಯತೊಡಗಿದೆ.

ಕಷ್ಟ ಬಂದದ್ದು ಷರಾದಲ್ಲಿ. ಆ ಪದ ನೋಡಲು ಎಷ್ಟು ಸಣ್ಣದು! ಅರಬ್ಬಿಯಿಂದ ಬಂದದ್ದು, ಬಿಡಿಸಿ ಹೇಳುವುದು, ತೆರೆದು ತೋರಿಸುವುದು ಎಂದು ಅದರ ಅರ್ಥವಂತೆ. ನಮ್ಮ ಶಾಲೆಯ ಉರ್ದು ಮಾಸ್ತರರು ಹೇಳಿದ್ದು. ಮರುಭೂಮಿಯ ಗವಿಯಲ್ಲಿದ್ದ ಹಿಂದಿನ ಕಾಲದ ಸನ್ಯಾಸಿಯೊಬ್ಬರು, ಮತ್ತೊಬ್ಬರಿಗೆ ಓದಿ ಹೇಳಬೇಕಾದೀತು ಎಂಬಂತೆ ನಿಮ್ಮ ಮನದ ಆಗುಹೋಗುಗಳನ್ನು ಬರೆದಿಡಿ ಎಂದು ಶಿಷ್ಯರಿಗೆ ಹೇಳುತ್ತಿದ್ದರಂತೆ. ನಾಚಿಕೆಯಿಂದಲಾದರೂ ಮನುಷ್ಯ ತಿದ್ದಿಕೊಳ್ಳಲಿ ಎಂದು ಅವರ ಲೆಕ್ಕಾಚಾರ. ನಾನೂ ತೆರೆದು ಬರೆದೆ. ಆದರೆ ತೆರೆದದ್ದು ನನ್ನ ಮನಸ್ಸನ್ನಲ್ಲ, ನನ್ನ ಅತ್ತೆಯವರ ತಪ್ಪುಗಳ ಗಂಟನ್ನು.

ಅತ್ತೆ ಬಳಿಚಕ್ರ ಎಂಬ ಹಳ್ಳಿಯವರು. ಮಳೆ ನಂಬಿದ ಹೊಲದಲ್ಲಿ ಜೋಳ, ತೊಗರಿ ಬೆಳೆದು ಗಟ್ಟಿಯಾದ ಜೀವ. ಕಾಲುವೆ ಬಂದು ಎಲ್ಲರ ಮನೆಯಲ್ಲಿ ಅನ್ನ ಬೇಯತೊಡಗಿದರೂ ಅವರಿಗೆ ಎರಡೂ ಹೊತ್ತು ರೊಟ್ಟಿಯೇ ಬೇಕು, ಅದೂ ಹಾಳೆಯಂತೆ ತೆಳ್ಳಗೆ. ಷರಾ: 'ಸ್ವಾಮಿ, ಅತ್ತೆ ನಿನ್ನೆಯೂ ರೊಟ್ಟಿ ದಪ್ಪ ಎಂದರು. ತಾಳ್ಮೆ ಕೊಡು.' ಷರಾ: 'ಅತ್ತೆ ನನ್ನನ್ನು ಕೇಳದೆ ಸಕ್ಕರೆ ಡಬ್ಬಿ ಪಕ್ಕದ ಮನೆಗೆ ಕೊಟ್ಟರು. ಅವರಿಗೆ ಬುದ್ಧಿ ಕೊಡು.' ತಾಳ್ಮೆ ನನಗೆ, ಬುದ್ಧಿ ಅವರಿಗೆ. ಬೇಡುವುದರಲ್ಲೂ ನಾನು ಎಷ್ಟು ಜಾಣೆ ನೋಡಿ.

ನಾನು ಬರೆಯುವಾಗ ಅತ್ತೆ ಎದುರಿಗೇ ಕೂತು ಬೇಳೆ ಆರಿಸುತ್ತಿದ್ದರು. ಅವರಿಗೆ ಓದು ಬರಹ ಬಾರದು, ಆದ್ದರಿಂದ ನನಗೆ ಧೈರ್ಯ. ಓಣಿಯ ಹೆಂಗಸರಿಗೆ ಅವರು, "ನಮ್ಮ ಸೊಸಿ ದಿನಾ ದೇವರಿಗೆ ಕಾಗದ ಬರೀತಾಳ್ರಿ" ಎಂದು ಹೆಮ್ಮೆಯಿಂದ ಹೇಳುತ್ತಿದ್ದುದು ಕೇಳಿ ಒಂದೆರಡು ದಿನ ಎದೆ ಚುರುಕ್ ಎಂದದ್ದುಂಟು. ಮೂರನೆಯ ದಿನ ಮತ್ತೆ ಅದೇ ರೊಟ್ಟಿ, ಅದೇ ಷರಾ.

ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಲ್ಲಿಸಿದ ವಾರ, ಒಂದು ಶನಿವಾರ ನಾನು ಶಾಲೆಯಿಂದ ಬಂದಾಗ ಅತ್ತೆ ಸೀರೆಗಳನ್ನು ಗಂಟು ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದರು.

"ಎಲ್ಲಿಗ್ರಿ ಅತ್ತಿ?"

"ಗುರುಮಠಕಲ್‌ಗ, ಮಗಳ ಮನಿಗಿ. ಇನ್ನ ಅಲ್ಲೇ ಇರ್ತೀನಿ."

ನಿಜ ಹೇಳಬೇಕಲ್ಲ: ನನ್ನ ಮನಸ್ಸಿನಲ್ಲಿ ಮೊದಲು ಹುಟ್ಟಿದ್ದು ದೇವರಿಗೆ ಕೃತಜ್ಞತೆಯ ಸ್ತೋತ್ರ. ನಾಳೆಯ ಷರಾ ಆಗಲೇ ತಯಾರಾಗಿತ್ತು. ಆದರೂ ಬಾಯಿಮಾತಿಗೆಂದು, "ಯಾಕ್ರಿ, ಏನಾತು?" ಎಂದೆ.

ಅತ್ತೆ ಮೆಲ್ಲಗೆ ಅಂದರು, "ಎಲ್ಲಾ ಸರಿ ಇದ್ದರ ಕೊನೀ ಖಾನಿ ಖಾಲಿ ಬಿಡಬೇಕು, ಕಾಲುವಿ ಒಡದ್ರ ಅಷ್ಟೇ ಅದರಾಗ ಬರೀಬೇಕಂತ ನನ್ನ ಮಗ ಹೇಳ್ಯಾನ. ಅವನ ಬುಕ್ಕಿನ್ಯಾಗ ಅದು ಖಾಲೀನೇ ಇರ್ತದ. ನಿನ್ನ ಬುಕ್ಕಿನ್ಯಾಗ ಒಂದು ದಿನಾನೂ ಖಾಲಿ ಇಲ್ಲವ್ವಾ. ಬರಿಯೂವಾಗ ನೀ ನನ್ನ ಕಡೀನೇ ನೋಡ್ತಿ. ನಾ ಹೋದ್ರರ ಖಾಲಿ ಆಗಲಿ ಅಂತ."

ಒಂದು ಅಕ್ಷರ ಬಾರದ ಮುದುಕಿ ನನ್ನ ಇಡೀ ರಿಜಿಸ್ಟರನ್ನು ಓದಿ ಮುಗಿಸಿದ್ದರು! ಅವರ ಕಾಲ ಹತ್ತಿರ ಕೂತು ಅತ್ತುಬಿಟ್ಟೆ. ಅತ್ತೆ, "ಅಳಬ್ಯಾಡ, ತಾ ಇಲ್ಲಿ. ಏನ್ ಬರದಿ ಓದು" ಎಂದರು. ಗವಿಯ ಸನ್ಯಾಸಿ ಹೇಳಿದ್ದ ಆ ಮತ್ತೊಬ್ಬರು ನಮ್ಮ ಮನೆಯ ಕಟ್ಟೆಯ ಮೇಲೆಯೇ ಕೂತಿದ್ದರು.

ಓದಿದೆ. ಒಂದೂ ಬಿಡದೆ, ಒಂದೂ ತಿದ್ದದೆ. ರೊಟ್ಟಿಯ ಮಾತು ಬಂದಾಗ ಅತ್ತೆ, "ದಪ್ಪ ಇದ್ದದ್ದು ಖರೇನ" ಎಂದರು. ಸಕ್ಕರೆಯ ಮಾತಿಗೆ, "ಅವರ ಕೂಸಿಗಿ ವಾಂತಿ ಭೇದಿ ಆಗಿತ್ತು, ನೀರಿನ್ಯಾಗ ಕಲಸಿ ಕುಡಸಾಕ ಕೊಟ್ಟೆ. ನಿನಗ ಹೇಳಾಕ ಮರತೆ" ಎಂದರು. ಇನ್ನೆರಡಕ್ಕೆ ನಕ್ಕರು. ಒಂದಕ್ಕೆ ಮಾತ್ರ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅದೇನೆಂದು ನಿಮಗೂ ಹೇಳಲಾರೆ. ಅಷ್ಟರಲ್ಲಿ ಗುರುಮಠಕಲ್ ಬಸ್ಸು ಹೋಗಿಬಿಟ್ಟಿತ್ತು.

"ಇಷ್ಟೆಲ್ಲಾ ದೇವರಿಗಿ ಹೇಳೂದಕಿಂತ ನನಗ ಹೇಳಿದ್ರ ಆಗ್ತಿತ್ತಲ್ಲೇನ? ಅಂವ ಬಂದು ರೊಟ್ಟಿ ಬಡಿತಾನೇನು?" ಎಂದು ಅತ್ತೆ ಗಂಟು ಬಿಚ್ಚಿ, ಸೆರಗು ಸಿಕ್ಕಿಸಿ ಒಲೆಯ ಮುಂದೆ ಕೂತರು. ಅಂದು ರೊಟ್ಟಿ ಬಡಿಯುವುದನ್ನು ಅವರಿಂದ ಹೊಸದಾಗಿ ಕಲಿತೆ. ಈಗಲೂ ನನ್ನವು ಸ್ವಲ್ಪ ದಪ್ಪವೇ.

ಮರುದಿನ ಬೆಳಿಗ್ಗೆ ಷರಾದ ಎದುರು ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಖಾಲಿ ಬಿಡೋಣವೆಂದರೆ ಅದೂ ಸುಳ್ಳು. ಆಮೇಲೆ ತಲೆ ತಗ್ಗಿಸಿ ಬರೆಯತೊಡಗಿದೆ. ಎದುರಿಗೆ ಬೇಳೆ ಆರಿಸುತ್ತಿದ್ದ ಅತ್ತೆ ಕೇಳಿದರು, "ಇವತ್ತ್ ಯಾರ ತಪ್ಪು ಬರಿಯಾಕತ್ತಿ?"

"ನನ್ನವು ರೀ ಅತ್ತಿ."

ಅತ್ತೆ ಮೊರ ಕೆಳಗಿಟ್ಟು, ಕುತ್ತಿಗೆ ಚಾಚಿ ಆ ಸೊಟ್ಟ ಗೆರೆಯ ಕಿರಿದಾದ ಕಾಲಂ ನೋಡಿದರು.

"ಅಷ್ಟು ಸಣ್ಣ ಖಾನ್ಯಾಗ ಹಿಡಸ್ತಾವೇನು?"