ಹೆಲ್ಗಾರ ಕುಂಡದ ಕೆಸು

ವಿದೇಶಕ್ಕೆ ಹೋಗಿ ಬಂದವರು ಮೊದಲು ಹೊಗಳುವುದು ಅಲ್ಲಿನ ರಸ್ತೆಗಳ ನುಣುಪನ್ನು. ನನಗೆ ಮಾತ್ರ ಜರ್ಮನಿ ಎಂದರೆ ಕಣ್ಣಿಗೆ ಕಟ್ಟುವುದು ಒಂದು ಕೆಸುವಿನ ಗಿಡ. ಹೀಗೆಂದರೆ ಉದ್ಯಾವರದ ನಮ್ಮ ನೆರೆಯವರು, "ಅಷ್ಟು ದೂರ ಹೋಗಿ ನೋಡಿದ್ದು ಇದನ್ನಾ ಟೀಚರೇ?" ಎಂದು ನಗುತ್ತಾರೆ. ನಗಲಿ. ನಾನು ಬರೇ ನೋಡಿ ಬಂದವಳಲ್ಲ, ತಿಂದು ಬಂದವಳು.

ಅಲ್ಲಿ ದಾದಿಯಾಗಿರುವ ನನ್ನ ತಂಗಿ ವಸಂತಿ, ವಿಮಾನ ನಿಲ್ದಾಣದಿಂದ ಮನೆಯವರೆಗೂ ಒಂದೇ ಪಾಠ ಒಪ್ಪಿಸಿದಳು. ಅವಳು ಬಾಡಿಗೆಗಿದ್ದದ್ದು ಹೆಲ್ಗಾ ಎಂಬ ಅಜ್ಜಿಯ ಮನೆಯ ಮಹಡಿಯಲ್ಲಿ. ಕರಾರು ಮುಗಿಯುತ್ತ ಬಂದಿತ್ತು. ಮುಂದುವರಿಸುವ ಮಾತನ್ನೇ ಅಜ್ಜಿ ಎತ್ತಿರಲಿಲ್ಲ. "ಜೋರಾಗಿ ಮಾತಾಡಬೇಡ ಅಕ್ಕ, ಬಾಗಿಲು ದಡಾರನೆ ಹಾಕಬೇಡ. ಈ ಊರಲ್ಲಿ ಬೇರೆ ಮನೆ ಸಿಗುವುದು ಭಾರಿ ಕಷ್ಟ ಉಂಟು." ಕಾಪುವಿನ ಶಾಲೆಯಲ್ಲಿ ಮಕ್ಕಳಿಗೆ ಶಿಸ್ತು ಕಲಿಸಿದ ನಾನು ಒಳ್ಳೆಯ ವಿದ್ಯಾರ್ಥಿನಿಯಂತೆ ತಲೆಯಾಡಿಸಿದೆ. ಎಲೆ ಕೊಯ್ಯಬೇಡ ಎಂದು ಅವಳು ಹೇಳಿರಲಿಲ್ಲ.

ಮರುದಿನ ಅವಳು ಕೆಲಸಕ್ಕೆ ಹೋದ ಮೇಲೆ ಮೆಟ್ಟಿಲಿಳಿದರೆ, ಹೆಲ್ಗಾರ ಬಾಗಿಲ ಬಳಿ ಮೊರದಗಲದ ಎಲೆ ಬಿಟ್ಟುಕೊಂಡು ನಿಂತಿದೆ ಕೆಸು! ನಮ್ಮಲ್ಲಿ ತೋಡಿನ ಬದಿಯಲ್ಲಿ ಕೇಳುವವರಿಲ್ಲದೆ ಬೆಳೆಯುವ ಗಿಡಕ್ಕೆ ಇಲ್ಲಿ ನೀಲಿ ಪಿಂಗಾಣಿ ಕುಂಡದ ಮರ್ಯಾದೆ. ಊರಿನಲ್ಲಿ ಆಗ ಆಟಿ ತಿಂಗಳು, ಜಡಿಮಳೆಯ ಕಾಲ. ಈ ಎಲೆಯ ಪತ್ರೊಡೆ ತಿನ್ನದೆ ಆಟಿ ಕಳೆದ ನೆನಪು ನನಗಿಲ್ಲ. ಕೆಸುವಿನೆಲೆಗೆ ನಮ್ಮ ಕಡೆ ಯಜಮಾನರೂ ಇಲ್ಲ. ಕಾರ್ಕಳದ ಬಸ್ಸಿಗೆ ಕಾಯುತ್ತಾ ನಿಂತವರೂ ನಾಲ್ಕು ಕೊಯ್ದು ಚೀಲಕ್ಕೆ ಹಾಕುತ್ತಾರೆ. ಕೈ ತಾನಾಗಿಯೇ ಹೋಯಿತು. ಗಿಡ ಬೋಳಾದ ಮೇಲೆ ತಲೆಯೆತ್ತಿದರೆ ಕಿಟಕಿಯಲ್ಲಿ ಹೆಲ್ಗಾ.

ಅವರು ಏನೋ ಅಂದರು. ಭಾಷೆ ಅರ್ಥವಾಗಲಿಲ್ಲ, ಸ್ವರ ಚೆನ್ನಾಗಿ ಅರ್ಥವಾಯಿತು. ಫೋನಿನಲ್ಲಿ ವಿಷಯ ಕೇಳಿ ವಸಂತಿ ಅತ್ತೇಬಿಟ್ಟಳು. "ಎಂತ ಮಾಡಿದೆ ಅಕ್ಕ! ಅದು ಅವರು ಚಳಿಗಾಲವಿಡೀ ಮನೆಯೊಳಗಿಟ್ಟು ಸಾಕಿದ ಗಿಡ. ಇನ್ನು ಮನೆ ಬಿಡು ಅಂತಲೇ ಹೇಳುವುದು."

ತಪ್ಪು ನನ್ನದೇ, ನಿಜ. ಆದರೆ ಕೊಯ್ದ ಎಲೆಯನ್ನು ಮತ್ತೆ ಅಂಟಿಸಲಿಕ್ಕಾಗುವುದಿಲ್ಲ, ಅಕ್ಕಿ ನೆನೆಹಾಕಲಿಕ್ಕಾಗುತ್ತದೆ. ಹಿಟ್ಟು ಅರೆಯುವಾಗ ನನ್ನ ತಲೆಗೆ ಇತಿಹಾಸ ಹೊಕ್ಕಿತು. ಪತ್ರೊಡೆಯ ಒಣಮೆಣಸು ಕೂಡ ಪರಂಗಿಯವರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದ ಪರದೇಶಿಯೇ ಅಲ್ಲವೇ? ಇಳಿದ ದಿನ ಯಾರ ನಾಲಿಗೆ ಸುಟ್ಟು ಎಷ್ಟು ಬೈಸಿಕೊಂಡಿತೋ! ಈಗ ಅದಿಲ್ಲದೆ ನಮಗೆ ಊಟವೇ ಸೇರುವುದಿಲ್ಲ. ಈ ವಿಚಾರದಿಂದ ನನಗೆ ಸ್ವಲ್ಪ ಧೈರ್ಯ ಬಂತು.

ಉಳಿದ ಹೆದರಿಕೆ ಒಂದೇ. ಹುಳಿ ಕಡಿಮೆಯಾದರೆ ಕೆಸು ಗಂಟಲು ಕೆರೆಯುತ್ತದೆ. ಹೆಲ್ಗಾರ ಗಂಟಲು ಕೆರೆದರೆ ವಸಂತಿಯ ಮನೆ ಹೋದ ಹಾಗೆಯೇ. ಊರಿನಿಂದ ತಂದಿದ್ದ ಹುಣಸೆಹಣ್ಣನ್ನು ಧಾರಾಳವಾಗಿ ಹಾಕಿದೆ. ಎಲೆಗೆ ಹಿಟ್ಟು ಸವರಿ, ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸಿ, ಬಿಲ್ಲೆ ಕತ್ತರಿಸಿ ಎಣ್ಣೆಯಲ್ಲಿ ಕೆಂಪಗೆ ಕಾಯಿಸಿದೆ. ಸಂಜೆ ವಸಂತಿಯನ್ನು ಮುಂದಿಟ್ಟುಕೊಂಡು ಕೆಳಗಿನ ಬಾಗಿಲು ತಟ್ಟಿದೆ.

ಹೆಲ್ಗಾ ಅನುಮಾನದಿಂದ ಒಂದು ಬಿಲ್ಲೆ ಬಾಯಿಗಿಟ್ಟರು. ನಾವಿಬ್ಬರೂ ಅವರ ಗಂಟಲನ್ನೇ ನೋಡುತ್ತಿದ್ದೆವು. ಎರಡನೆಯದನ್ನು ತೆಗೆದುಕೊಂಡರು. ಆಮೇಲೆ ತಟ್ಟೆಯನ್ನೇ ತಮ್ಮ ಕಡೆಗೆ ಎಳೆದುಕೊಂಡು ಏನೋ ಕೇಳಿದರು. ವಸಂತಿ ನಗುತ್ತಾ ಕಣ್ಣೊರೆಸಿಕೊಂಡಳು. "ಇಷ್ಟು ವರ್ಷ ಇದನ್ನು ಸುಮ್ಮನೆ ನೋಡ್ತಾ ಕೂತಿದ್ದೆನಾ ಅಂತ ಕೇಳ್ತಿದ್ದಾರೆ ಅಕ್ಕ!"

ಗೆದ್ದೆ! ಆ ಸಂಜೆ ಮೆಟ್ಟಿಲು ಹತ್ತಿದ ನನ್ನ ನಡಿಗೆಯ ಗತ್ತನ್ನು ನೀವು ನೋಡಬೇಕಿತ್ತು. ಕರಾರು ಮುಂದುವರಿಯಿತು. ಅಲ್ಲಿನ ಕೋಟೆ, ಸೇತುವೆಗಳನ್ನೂ ಆಮೇಲೆ ನೋಡಿದೆ. ಅವೂ ಚೆನ್ನಾಗಿಯೇ ಇವೆ.

ಮೊನ್ನೆ ವಸಂತಿ ಒಂದು ಫೋಟೊ ಕಳಿಸಿದಳು. ಹೆಲ್ಗಾರ ಬಾಗಿಲ ಬಳಿ ಈ ವರ್ಷ ಎರಡು ಕುಂಡಗಳಿವೆ. ಒಂದು ನೋಡಲಿಕ್ಕಂತೆ, ಇನ್ನೊಂದು ತಿನ್ನಲಿಕ್ಕೆ.