ಜೋಳದ ಎರಡು ಸಾಲು

ಜುಲೈ ಬಂತೆಂದರೆ ಅವರ ಬಿಳಿ ಹುಬ್ಬುಗಳ ಮೇಲೆ ಜೋಳದ ಪರಾಗ ಕೂತು, ಮುಖಕ್ಕೆ ಅರಿಶಿನ ಹಚ್ಚಿಕೊಂಡ ಹಾಗೆ ಕಾಣುತ್ತಿತ್ತು. ಪರದೇಶದ ಈ ಮಿಲ್ಟನ್ನಿನಲ್ಲಿ ನಮ್ಮ ಪಕ್ಕದ ಮನೆಯವರು. ಧಾರವಾಡದ ಕಡೆಯಿಂದ ನಮಗಿಂತ ಎಷ್ಟೋ ಮೊದಲೇ ಬಂದು, ತಳಿಶಾಸ್ತ್ರ ಕಲಿಸಿ ನಿವೃತ್ತರಾದ ಪ್ರೊಫೆಸರು. ಬ್ಯಾಕ್‌ಯಾರ್ಡಿನಲ್ಲಿ ಮುಸುಕಿನ ಜೋಳ ಬೆಳೆದು, ಬೇರೆ ಗಿಡದ ಪರಾಗ ತಾಗದಂತೆ ತೆನೆಗಳಿಗೆ ಕಾಗದದ ಚೀಲ ಕಟ್ಟುತ್ತಿದ್ದರು. ಜೋಳಕ್ಕೂ ಮಡಿ ಉಡಿಸುತ್ತಾರೆ ಎಂದು ನಮ್ಮ ಯಜಮಾನರು ನಗುತ್ತಿದ್ದರು.

2011ರ ಆ ಬೇಸಿಗೆ ನನಗೆ ನಗು ಬರುತ್ತಿರಲಿಲ್ಲ. ನಮ್ಮಮ್ಮನಿಗೆ ಮದುವೆಗೆ ಮುಂಚೆಯೇ ಕಿವಿ ಹೋಗಿತ್ತು. ಅದಕ್ಕೆ ಕಾರಣವಾದ ಜೀನ್ ನನ್ನ ಏಳು ವರ್ಷದ ಮಗಳಿಗೂ ಬಂದಿದೆ ಎಂದು ಡಾಕ್ಟರು ಹೇಳಿದ್ದರು. ನಾಳೆ ಕೇಳಿಸದೆ ಹೋಗುವ ಸಂಗೀತದ ಆಸೆ ಇವತ್ತು ಯಾಕೆ ಹತ್ತಿಸಬೇಕು? ಅವಳು ಕಲಿಯುತ್ತಿದ್ದ ಹಾಡಿನ ಪಾಠ ಬಿಡಿಸುವುದೆಂದು ಗಟ್ಟಿಮಾಡಿಕೊಂಡಿದ್ದೆ.

ಪ್ರಸಾದ ಕೊಡಲು ಹೋದ ಸಂಜೆ ಅವರ ಮುಂದೆ ಎಲ್ಲ ಹೇಳಿಕೊಂಡೆ. ಅವರು ಜೋಳದ ಸಾಲುಗಳೊಳಗೆ ಕರೆದುಕೊಂಡು ಹೋದರು. ಎಲೆಗಳ ನಡುವೆ ಹಳದಿ ಬೆಳಕು ತೊಟ್ಟಿಕ್ಕುತ್ತಿತ್ತು. ಯಾವುದೋ ಕೆರೆಯ ತಳದಲ್ಲಿ ನಡೆಯುತ್ತಿದ್ದೇವೆ ಅನ್ನಿಸಿತು. ಒಂದು ಸಾಲು ಕತ್ತರಿಸಿಟ್ಟ ಹಾಗೆ ಸಮ. ಪಕ್ಕದ್ದರಲ್ಲಿ ಒಂದು ಕುಳ್ಳು, ಒಂದು ನನ್ನ ತಲೆಗಿಂತ ಎತ್ತರ. ಸರಾಸರಿ ಎತ್ತರ ಮಾತ್ರ ಎರಡು ಸಾಲಿಗೂ ಒಂದೇ ಅಂತೆ.

“ಈ ಹೆಚ್ಚುಕಮ್ಮಿ ಸಾಲಿನ್ಯಾಗ ಒಂದು ಜೀನ್ ಬ್ಯಾರೆ ಅದ, ತಂಗಿ. ಅದು ಎತ್ತರಾನೂ ಮಾಡೂದಿಲ್ಲ, ಗಿಡ್ಡೂ ಮಾಡೂದಿಲ್ಲ, ಹರವು, ಅಂದ್ರ ಗಿಡದಿಂದ ಗಿಡಕ್ಕ ಇರೂ ಫರಕು, ಹೆಚ್ಚ ಮಾಡ್ತದ. ಯಾಕಂದ್ರ ಅದರ ಜೋಡಿ ಇನ್ನೊಂದು ಜೀನ್ ಸೇರಿ ಕೆಲಸಾ ಮಾಡ್ತದ. ಆ ಜೋಡಿ ಗಿಡಕ್ಕೊಂದು ಥರಾ.”

ಹರವು ಹೆಚ್ಚಾದ ಕಡೆ ಕಣ್ಣಿಗೆ ಬೀಳದ ಆ ಜೊತೆಗಾರ ಜೀನನ್ನು ಹುಡುಕುವುದೇ ತಮ್ಮ ಕಸುಬಾಗಿತ್ತು ಎಂದರು. ಆಮೇಲೆ, ಮಗಳಿಗೆ ಬಂದದ್ದು ನಿನ್ನ ಮೂಲಕವೇ ಅಲ್ಲವೇ, ನಿನಗೆ ಕಿವಿ ಹೇಗಿದೆ ಎಂದು ಕೇಳಿದರು. ನಿಮ್ಮ ಮನೆಯ ಕುಕ್ಕರ್ ಕೂಗಿದ್ದೂ ನನಗೆ ಕೇಳಿಸುತ್ತದೆ ಎಂದೆ. ಅದೇ ಜೀನ್ ನಿನ್ನೊಳಗೂ ಇದ್ದು ಕಿವಿ ನೆಟ್ಟಗಿದೆಯಲ್ಲ ಎಂದು ನಕ್ಕರು.

“ಹಾಗಾದ್ರೆ ಅವಳಿಗೂ ಏನೂ ಆಗಲ್ವಾ, ಅಂಕಲ್?”

“ಅದನ್ನ ನಾ ಹೇಳಲಾರೆ. ಆಕಿ ಜೀನಿನ ಜೋಡಿ ಯಾರು ಬಂದಾರ, ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕ ಈಗಿಂದನ ಯಾಕ ಅಳ್ತಿ? ಹಾಡ್ಲಿ ಬಿಡು.”

ಸುಳ್ಳು ಸಮಾಧಾನ ಹೇಳಲಿಲ್ಲ, ಪುಣ್ಯಾತ್ಮರು. ದೇವರ ಕರುಣೆ ಹಾಗೆ ಬೇಲಿಯಾಚೆಯಿಂದಲೂ ಬರುತ್ತದೆ. ಪಾಠ ನಿಲ್ಲಲಿಲ್ಲ.

2015ರ ಚಳಿಗಾಲದಲ್ಲಿ ಅವರು ತೀರಿಕೊಂಡರು. ಅಷ್ಟರಲ್ಲಿ ಮಗಳ ಎಡಗಿವಿ ಮಂದವಾಗಿತ್ತು, ಬಲಗಿವಿ ಚೆನ್ನಾಗಿತ್ತು. ದೇಹವಿಟ್ಟಿದ್ದ ಫ್ಯೂನರಲ್ ಹೋಮಿನಲ್ಲಿ ಅವರ ಹೆಂಡತಿ, ಒಂದು ದೇವರನಾಮ ಹಾಡವ್ವಾ ಎಂದು ಅವಳ ಕೈ ಹಿಡಿದರು.

“ಅಮ್ಮಾ, ಶ್ರುತಿಪೆಟ್ಟಿಗೆ ನನ್ನ ರೈಟ್ ಸೈಡಿಗೆ ಇಡು,” ಎಂದಳು.

ಇಟ್ಟೆ. ಹಾಡಿದಳು. ಶ್ರುತಿ ತಪ್ಪಲಿಲ್ಲ.