ಓ ಎನ್ನುವ ತನಕ

ಕೂಗುವಾಗ ಮಾವನ ಕತ್ತಿನ ನರಗಳು ಉಬ್ಬಿ ನಿಲ್ಲುತ್ತಿದ್ದವು. ಕೂಗಿದ ಮೇಲೆ ಎಡಗೈಯನ್ನು ಕಿವಿಯ ಹಿಂದೆ ಹಿಡಿದು, ಮುಂದಿನ ಎರಡು ಹಲ್ಲಿಲ್ಲದ ಬಾಯನ್ನು ತೆರೆದುಕೊಂಡೇ ಕಾಯುತ್ತಿದ್ದರು. ಕಾಪುವಿನ ನಮ್ಮ ರಂಪಣಿ ಬಲೆಗೆ ಆಳು ಕರೆಯುವ ಕೆಲಸ ಅವರದು. ಕಡಲಿಗೆ ಬಿಟ್ಟ ಆ ದೊಡ್ಡ ಬಲೆಯ ಹಗ್ಗವನ್ನು ದಡದಲ್ಲಿ ನಿಂತು ಎಳೆಯಲು ಊರಿನ ಗಂಡಸರೆಲ್ಲ ಬೇಕಿದ್ದ ಕಾಲ. ಬೆಳ್ಳಂಬೆಳಿಗ್ಗೆ ಮನೆಮನೆಯ ಬೇಲಿಯ ಹೊರಗೆ ನಿಂತು ಒಬ್ಬೊಬ್ಬರ ಹೆಸರು ಕೂಗುವುದು, ಒಳಗಿನಿಂದ 'ಓ' ಎಂದರೆ ಮುಂದಿನ ಹೆಸರು. ಸಂಬಂಧದಲ್ಲಿ ಏನೂ ಅಲ್ಲ, ಆದರೂ ನಾನು ಮಾವ ಎನ್ನುತ್ತಿದ್ದೆ. ಕಿವಿ ಸ್ವಲ್ಪ ಮಂದ. ಹೊದಿಕೆಯೊಳಗಿನಿಂದ ಗೊಣಗಿದರೆ, "ಎಂತ ಮಾರಾಯ, ಮೀನಿಗೆ ಹೇಳುವುದಾ? ನನಗೆ ಹೇಳು!" ಎಂದು ಗದರುತ್ತಿದ್ದರು.

ಮದುವೆಯಾಗದ ಮನುಷ್ಯ. ದೀಪಸ್ತಂಭದ ಆಚೆ ಗುಡಿಸಲಿನಲ್ಲಿ ಒಬ್ಬರೇ. ಊರನ್ನೆಲ್ಲ ಕರೆಯುವ ಅವರನ್ನು ಕರೆಯುವವರು ಯಾರೂ ಇರಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ ವಾಂತಿಭೇದಿ ಬಂತು. ದೇಶದೇಶ ಸುತ್ತಿ ಬಂದ ಕಾಲರಾ ಎಂದರು. ಬಾವಿಗಳಿಗೆ ಬಿಳಿ ಪುಡಿ ಸುರಿದರು, ಜನ ಸೇರಬಾರದೆಂದರು, ಬಲೆ ಚಪ್ಪರದಲ್ಲೇ ಉಳಿಯಿತು. ಕಟಪಾಡಿಯ ಹುಡುಗಿಯ ಜೊತೆ ಮದುವೆ ಮಾತಾಗಿದ್ದ ನನ್ನ ಅಣ್ಣ ಬೆಳಿಗ್ಗೆ ಮಲಗಿದವನು ಸಂಜೆಗೆ ಹೋದ. ಹೆಣ ಹೊರಲೂ ಜನ ಸಾಲಲಿಲ್ಲ.

ಅಪ್ಪ ಅಳಲಿಲ್ಲ. ನನಗೆ ಭಯವಾದದ್ದೇ ಅದಕ್ಕೆ. ಮಾತು ಬಿಟ್ಟರು, ಊಟ ಬಿಟ್ಟರು. ಸಂಜೆಯಾದರೆ ಕಡಲಿಗಿಳಿದು ಸೊಂಟದವರೆಗಿನ ನೀರಿನಲ್ಲಿ ನಿಲ್ಲುತ್ತಿದ್ದರು, ನಾನು ಹಿಂದೆಯೇ ಹೋಗಿ ಕೈಹಿಡಿದು ಎಳೆದು ತರುತ್ತಿದ್ದೆ. "ಇದು ಏನೋ ಸೋಕಿದ್ದು, ದೈವಕ್ಕೆ ಹೇಳಿಕೊಳ್ಳಬೇಕು," ಎಂದರು ಅಜ್ಜ. "ಗಂಡಸಲ್ವಾ, ನಾಲ್ಕು ದಿನ ಹೋದರೆ ಸರಿಯಾಗ್ತಾನೆ," ಎಂದರು ಚಿಕ್ಕಪ್ಪ. ಮಣಿಪಾಲದಲ್ಲಿ ಮನಸ್ಸಿಗೆ ಮದ್ದು ಕೊಡುವ ಡಾಕ್ಟರಿದ್ದಾರಂತೆ ಎಂದು ಇಪ್ಪತ್ತರ ಹರೆಯದ ನಾನು ಬಾಯಿಬಿಟ್ಟೆ. "ಅಪ್ಪನಿಗೆ ಹುಚ್ಚು ಅಂತ ಊರಿಗೆ ಸಾರುತ್ತೀಯಾ?" ಎಂದು ಇಬ್ಬರೂ ನನ್ನ ಮೇಲೆ ಬಿದ್ದರು. ಮನೆ ತುಂಬ ಗಂಡಸರು, ಅಪ್ಪನ ಪಕ್ಕ ಕುಳಿತು ಅಣ್ಣನ ಹೆಸರೆತ್ತುವ ಧೈರ್ಯ ಒಬ್ಬನಿಗೂ ಇಲ್ಲ.

ಬಲೆ ನಿಂತರೂ ಮಾವ ಕರೆಯುವುದನ್ನು ನಿಲ್ಲಿಸಲಿಲ್ಲ. ಬೇಲಿಯಿಂದ ದೂರ, ದಾರಿಯಲ್ಲೇ ನಿಂತು ಕೂಗುತ್ತಿದ್ದರು. ಇವನಿಗೂ ತಲೆ ಕೆಟ್ಟಿತು ಎಂದು ಜನ ನಕ್ಕರು.

"ಬಲೆಯೇ ಇಲ್ಲವಲ್ಲ ಮಾವ, ಎಂತಕ್ಕೆ ಕರೆಯುವುದು?" ಎಂದು ಕೇಳಿದೆ.

"ಬಲೆ ಇಲ್ಲದಿದ್ದರೆ ನೀವೂ ಇಲ್ವಾ? ಒಬ್ಬನೇ ಕೂತು ಕೂತು ಹೆದರಿಕೆ ಆಗ್ತದೆ ಮಾರಾಯ. ನೀವು ಓ ಅಂದರೆ ನನಗೆ ಆ ದಿನದ ಗಂಜಿ ಇಳಿಯುತ್ತದೆ."

ನಮ್ಮೂರಿನ ಗಂಡಸೊಬ್ಬ ತನಗೆ ಹೆದರಿಕೆಯೆಂದು ಹೇಳಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಒಂದು ಬೆಳಿಗ್ಗೆ ಅಜ್ಜನ ಹೆಸರಾಯಿತು, ಚಿಕ್ಕಪ್ಪನದಾಯಿತು. ಅಪ್ಪನ ಹೆಸರಿಗೆ ಎಂದಿನಂತೆ ನಾನೇ ಓ ಎಂದೆ. ಆಮೇಲೆ ವರ್ಷಗಳ ರೂಢಿಗೆ ಮಾವನ ಬಾಯಿಂದ ಅಣ್ಣನ ಹೆಸರು ಹೊರಟುಬಿಟ್ಟಿತು. ಅಯ್ಯೋ ದೇವರೇ! ಮಾವನಿಗೂ ತಪ್ಪು ತಿಳಿದು ಬಾಯಿಗೆ ಕೈ ಹೋಯಿತು.

ಚಾಪೆಯ ಮೇಲಿದ್ದ ಅಪ್ಪ ಎದ್ದು ಕುಳಿತು, "ಓ!" ಎಂದರು. ಮಗನ ಬದಲಿಗೆ. ಇನ್ನೊಮ್ಮೆ ಓ ಎನ್ನುತ್ತ ಅಂಗಳಕ್ಕೆ ಬಂದವರು, ಆ ಮಂದ ಕಿವಿಗೂ ಕೇಳುವಂತೆ ಗೋಳೋ ಎಂದು ಅತ್ತರು. ಅಜ್ಜ ಗದರಲು ಹೊರಟರು.

"ಅಳಲಿ ಬಿಡಿ ಅಜ್ಜ, ನಾನಿಲ್ಲೇ ಇದ್ದೇನೆ," ಎಂದು ಮಾವ ದಾರಿಯಲ್ಲೇ ಕುಕ್ಕರುಗಾಲಿನಲ್ಲಿ ಕುಳಿತರು. ಬಿಸಿಲೇರುವ ತನಕ ಏಳಲಿಲ್ಲ. ಆ ಮಧ್ಯಾಹ್ನ ಅಪ್ಪ ಗಂಜಿ ಉಂಡರು.

ಮುಂದೆ ಯಂತ್ರದ ದೋಣಿಗಳು ಹೆಚ್ಚಾದವು, ರಂಪಣಿ ಮೂಲೆ ಸೇರಿತು, ಮಾವನ ಕೆಲಸವೂ ಹೋಯಿತು. ಅಂದಿನಿಂದ ಅಪ್ಪ ದಿನವೂ ನಸುಕಿಗೆ ದೀಪಸ್ತಂಭದ ಆಚೆಗೆ ನಡೆದು, ಗುಡಿಸಲಿನ ಮುಂದೆ ನಿಂತು ಹೆಸರು ಹಿಡಿದು ಕೂಗಿ, ಓ ಎಂಬುದನ್ನು ಕೇಳಿಯೇ ಹಿಂತಿರುಗುತ್ತಿದ್ದರು. ಎಂಬತ್ತರ ದಶಕದ ಒಂದು ಬೆಳಿಗ್ಗೆ ಉತ್ತರ ಬರಲಿಲ್ಲ. ಸುದ್ದಿ ತಿಳಿದು, ಕೆಲಸದಲ್ಲಿದ್ದ ಉಡುಪಿಯಿಂದ ಬಸ್ಸು ಹಿಡಿದು ಬಂದೆ. ಅಪ್ಪ ಗುಡಿಸಲಿನ ಮುಂದೆ ಕುಳಿತಿದ್ದರು.

"ಅವನಿಗೆ ಕಿವಿ ಕೇಳುವುದಿಲ್ಲವಲ್ಲ," ಎಂದರು, "ಬಾಗಿಲು ದೂಡುವ ಮೊದಲು ತುಂಬಾ ಹೊತ್ತು ಕರೆದೆ."

ಕೂಗಿ ಕೂಗಿ ಅಪ್ಪನ ದನಿ ಬಿದ್ದುಹೋಗಿತ್ತು.